ಅಂಗಳಕ್ಕೆ ಹುಲ್ಲು, ಹಿತ್ತಲಿಗೆ ದಂಟು

ಯುಗಾದಿ ಕಳೆದ ಮೇಲಿನ ಬೆಳಗು. ಲಾಲ್‌ಬಾಗಿನ ಗಾಜಿನಮನೆಯ ಸುತ್ತಲಿನ ಹುಲ್ಲುಹಾಸಿಗೆ ಪೈಪಿನಲ್ಲಿ ನೀರು ಬೀಳುತ್ತಿದೆ. ಇಬ್ಬರು ಹೆಂಗಸರು ಕುಕ್ಕರುಗಾಲಿನಲ್ಲಿ ಕೂತು, ಸಣ್ಣ ಕಳೆಗುದ್ದಲಿಯಿಂದ ಹುಲ್ಲಿನ ನಡುವೆ ಏನನ್ನೋ ಮೀಟಿ ತೆಗೆಯುತ್ತಾ ಅಂಗುಲ ಅಂಗುಲವಾಗಿ ಮುಂದೆ ಸರಿಯುತ್ತಿದ್ದಾರೆ. ಬಗ್ಗಿ ನೋಡಿದರೆ ಕೊನ್ನಾರಿ ಗಡ್ಡೆ. ಮೇಲಿನ ಎಲೆ ಕಿತ್ತರೆ ಸಾಲದು, ಒಳಗಿನ ಗಡ್ಡೆ ಬರಬೇಕು. ಇಲ್ಲದಿದ್ದರೆ ಮುಂದಿನ ವಾರ ಅದೇ ಜಾಗದಲ್ಲಿ ಮತ್ತೆ ತಲೆ ಎತ್ತುತ್ತದೆ. ವಾಯುವಿಹಾರಕ್ಕೆ ಬಂದವರ ಕಣ್ಣಿಗೆ ಬೀಳುವುದು ಹಸಿರು ಮಾತ್ರ. ಆ ಹಸಿರು ಹೀಗೆ ಸಮನಾಗಿರಲು ಎಷ್ಟು ಬೆನ್ನು ಬಾಗಬೇಕು ಎಂಬುದು ತಿಳಿಯಬೇಕಾದರೆ ಐದು ನಿಮಿಷ ಇಲ್ಲಿ ನಿಂತು ನೋಡಬೇಕು.

ನಾನು ಬಂದದ್ದು ಒಂದು ಪ್ರಶ್ನೆ ಹಿಡಿದುಕೊಂಡು. ಬೆಂಗಳೂರಿನಲ್ಲಿ ಹೊಸ ಮನೆ ಕಟ್ಟಿಸಿದವರೆಲ್ಲ ಒಂದಲ್ಲ ಒಂದು ದಿನ ಕೇಳುವ ಪ್ರಶ್ನೆ ಅದು: ಗೇಟಿನೊಳಗೆ ಉಳಿದಿರುವ ಚೂರು ಮಣ್ಣಿನಲ್ಲಿ ಲಾನ್ ಹಾಕೋಣವೋ, ಸೊಪ್ಪು ಹಾಕೋಣವೋ? ಉತ್ತರಕ್ಕೆ ಮೂರು ಜಾಗ ನೋಡುವುದೆಂದುಕೊಂಡೆ. ಹುಲ್ಲನ್ನು ಕ್ರಮವಾಗಿ ಸಾಕುವ ಲಾಲ್‌ಬಾಗ್, ಹುಲ್ಲನ್ನು ಮಾರುವ ಸಿದ್ದಾಪುರ, ಹುಲ್ಲು ಸೊಪ್ಪು ಎರಡನ್ನೂ ಬೆಳೆಸಿರುವ ಜಯನಗರದ ಒಂದು ಮನೆ. ಎಲ್ಲವೂ ನಡಿಗೆಯ ದೂರದಲ್ಲೇ ಇವೆ.

ಬರೀ ಚೆಂದಕ್ಕಲ್ಲ

ಲಾಲ್‌ಬಾಗನ್ನು ಹುಲ್ಲುಹಾಸು ಮತ್ತು ಹೂವಿನ ಪಾತಿಗಳ ತೋಟ ಎಂದಷ್ಟೇ ನೋಡುವವರು ಅದರ ಅರ್ಧ ಚರಿತ್ರೆಯನ್ನು ಬಿಟ್ಟುಬಿಡುತ್ತಾರೆ. 1760ರಲ್ಲಿ ಹೈದರಾಲಿ ಆರಂಭಿಸಿದ ಈ ತೋಟ 1856ರಲ್ಲಿ ಸರ್ಕಾರಿ ಸಸ್ಯೋದ್ಯಾನವಾಯಿತು. ಆಮೇಲೆ ಇದರ ದೊಡ್ಡ ಕೆಲಸವೇ ಹೊರಗಿನಿಂದ ಬಂದ ಉಪಯುಕ್ತ ಬೆಳೆಗಳನ್ನು ಈ ಮಣ್ಣಿಗೆ ಒಗ್ಗಿಸಿ ನೋಡುವುದು. 1874ರಿಂದ 1908ರವರೆಗೆ ಇಲ್ಲಿ ಸೂಪರಿಂಟೆಂಡೆಂಟ್ ಆಗಿದ್ದ ಜಾನ್ ಕ್ಯಾಮರಾನ್ ಅವರ ಕಾಲದಲ್ಲಿ ಗಾಜಿನಮನೆ ಎದ್ದಿತು. ನಮ್ಮ ಅಡುಗೆಮನೆಗೆ ಸೀಮೆಬದನೆ ಬಂದದ್ದೂ ಅವರ ಕೈಯಿಂದಲೇ. ಅವರ ನಂತರ ಬಂದ ಜರ್ಮನಿಯ ಕೃಂಬಿಗಲ್ ಊರಿನ ಸಾಲುಮರಗಳಿಗೆ ಹೆಸರಾದರು. ಅಂದರೆ ಕಣ್ಣಿಗೂ ಹೊಟ್ಟೆಗೂ ಇಲ್ಲಿ ಜಗಳವಿರಲಿಲ್ಲ. 240 ಎಕರೆ ಇದ್ದರೆ ಜಗಳ ಬೇಕಾಗಿಯೂ ಇಲ್ಲ.

ನಮ್ಮ ಹಳೆಯ ಮನೆಗಳಲ್ಲೂ ಈ ಜಗಳವಿರಲಿಲ್ಲ. ಮುಂದೆ ಅಂಗಳ, ಹಿಂದೆ ಹಿತ್ತಲು. ಅಂಗಳವನ್ನು ಸೆಗಣಿ ಹಾಕಿ ಸಾರಿಸಿ, ರಂಗೋಲಿ ಬಿಟ್ಟು, ಬಂದವರನ್ನು ಕೂರಿಸಿ, ಹಪ್ಪಳ ಸಂಡಿಗೆ ಒಣಗಿಸುತ್ತಿದ್ದರು. ಅಲ್ಲಿ ಒಂದು ಎಸಳು ಹುಲ್ಲು ಎದ್ದರೂ ಕಿತ್ತುಹಾಕುತ್ತಿದ್ದರು. ಹಿತ್ತಲಿನಲ್ಲಿ ಬಚ್ಚಲ ನೀರಿಗೆ ಬಾಳೆ, ಬಸಳೆ, ಕೆಸು; ಬೇಲಿಗೆ ಹೀರೆ; ಒಂದು ಪಾತಿ ದಂಟು. ಹುಲ್ಲುಹಾಸು ಬಂದದ್ದು ದಂಡಿನ ಕಡೆಯ ಬಂಗಲೆಗಳ ಜೊತೆ. ಅದು ಕೂತದ್ದು ಅಂಗಳದ ಜಾಗದಲ್ಲಿ, ಹಿತ್ತಲಿನದರಲ್ಲಲ್ಲ.

ತೊಡಕು ಶುರುವಾದದ್ದು ಮೂವತ್ತು-ನಲವತ್ತರ ಸೈಟುಗಳಿಂದ. 1,200 ಚದರ ಅಡಿಯಲ್ಲಿ ಮನೆ, ಸಂಪು, ಕಾರಿನ ಜಾಗ ಎಲ್ಲ ಕಳೆದರೆ ಉಳಿಯುವುದು ಮುಂದೊಂದು ಚೌಕ, ಪಕ್ಕದಲ್ಲೊಂದು ಓಣಿ. ಅಂಗಳವೂ ಅದೇ ಆಗಬೇಕು, ಹಿತ್ತಲೂ ಅದೇ ಆಗಬೇಕು. ಆದ್ದರಿಂದ ‘ಹುಲ್ಲೋ ಸೊಪ್ಪೋ’ ಎಂದು ಕೇಳುವವರು ನಿಜವಾಗಿ ಕೇಳುತ್ತಿರುವುದು, ನಮಗೆ ಕಾಣೆಯಾದ ಎರಡರಲ್ಲಿ ಯಾವುದನ್ನು ವಾಪಸ್ ತಂದುಕೊಳ್ಳೋಣ ಎಂದು.

ಸಿದ್ದಾಪುರದ ಸಾಲು

ದಕ್ಷಿಣದ ಗೇಟಿನಿಂದ ಹೊರಬಿದ್ದು ಸಿದ್ದಾಪುರದ ಕಡೆ ತಿರುಗಿದರೆ ನರ್ಸರಿಗಳ ಸಾಲು. ಬೆಂಗಳೂರಿನ ತೋಟಗಾರಿಕೆಯನ್ನು ತಲೆಮಾರುಗಳಿಂದ ಕೈಯಲ್ಲಿಟ್ಟುಕೊಂಡ ತಿಗಳ ಸಮುದಾಯದವರ ನೆಲೆಗಳಲ್ಲಿ ಇದೂ ಒಂದು. ಫುಟ್‌ಪಾತಿನವರೆಗೂ ಚಾಚಿದ ಕ್ರೋಟನ್ ಕುಂಡಗಳು, ಕಪ್ಪು ಪ್ಲಾಸ್ಟಿಕ್ ಚೀಲದಲ್ಲಿ ಗುಲಾಬಿ ಕಸಿ, ಕೋಕೋಪೀಟ್ ಇಟ್ಟಿಗೆಗಳ ಗುಡ್ಡೆ. ಒಂದು ನರ್ಸರಿಯ ಬೇಲಿಯ ನೆರಳಲ್ಲಿ ಹುಲ್ಲಿನ ತುಂಡುಗಳನ್ನು ಮಡಿಸಿಟ್ಟ ಕಂಬಳಿಗಳ ಹಾಗೆ ಒಂದರ ಮೇಲೊಂದು ಪೇರಿಸಿ, ಮೇಲೆ ಒದ್ದೆ ಗೋಣಿಚೀಲ ಹೊದಿಸಿದ್ದಾರೆ. ಮಾರಾಟ ಚದರ ಅಡಿ ಲೆಕ್ಕದಲ್ಲಿ.

“ಬಿಸಿಲು ಎಷ್ಟೊತ್ತು ಬೀಳುತ್ತೆ ಸಾರ್?” ನರ್ಸರಿಯವರ ಮೊದಲ ಪ್ರಶ್ನೆಯೇ ಇದು. ಅಳತೆ, ಬಜೆಟ್ ಎಲ್ಲ ಆಮೇಲೆ. ಆರು ತಾಸಿಗಿಂತ ಹೆಚ್ಚು ಎಂದರೆ ಬರ್ಮುಡಾ ತೋರಿಸುತ್ತಾರೆ. ನಾಲ್ಕೈದು ತಾಸು ಎಂದರೆ ‘ಮೆಕ್ಸಿಕನ್’ ಅಥವಾ ‘ಕೊರಿಯನ್’ ಎಂದು ಕರೆಯುವ, ಝೊಯ್ಸಿಯಾ ಕುಲದ ದಟ್ಟ ಹುಲ್ಲು. ಅದಕ್ಕೂ ಕಮ್ಮಿ ಎಂದರೆ, “ಲಾನ್ ಬೇಡ ಬಿಡಿ, ಕಲ್ಲು ಹಾಸಿ ಕುಂಡ ಇಡಿ” ಎಂದು ನೇರವಾಗಿ ಹೇಳುತ್ತಾರೆ. ಈ ಮಾತನ್ನು ಕೇಳಿಸಿಕೊಳ್ಳದೆ ಹುಲ್ಲು ಒಯ್ದವರು ಮುಂದಿನ ವರ್ಷ ಮತ್ತೆ ಬಂದು ಇನ್ನೊಂದು ಲೋಡ್ ಕೇಳುತ್ತಾರಂತೆ.

ಬರ್ಮುಡಾ ಎಂದರೆ ನಮ್ಮ ಗರಿಕೆಯೇ. ಗಣೇಶನ ಚೌತಿಗೆ ಕುಡಿ ಆರಿಸಿ ತರುವ ಅದೇ ಜಾತಿ. ಆಟದ ಮೈದಾನಗಳಿಗೆ ಹಾಕುವುದು ಅದರ ಆಯ್ದ, ಗಿಡ್ಡ ತಳಿಗಳು. ನರ್ಸರಿಯವರು ಒಂದು ತುಂಡನ್ನು ಎತ್ತಿ ಮಗುಚಿ ತೋರಿಸಿದರು. ಅಂಗುಲ ದಪ್ಪದ ಕೆಮ್ಮಣ್ಣಿನಲ್ಲಿ ದಾರದಂಥ ಬಳ್ಳಿಗಳು ಅಡ್ಡಡ್ಡ ಹೆಣೆದುಕೊಂಡಿವೆ. ಪ್ರತಿ ಗೆಣ್ಣಿನಲ್ಲೂ ಕೆಳಗೊಂದು ಬೇರು, ಮೇಲೊಂದು ಕುಡಿ. ಅವರು ಒಂದು ಬಳ್ಳಿಯನ್ನು ಎಳೆದು, ಗೆಣ್ಣಿನ ಎರಡೂ ಪಕ್ಕ ಉಗುರಿನಿಂದ ಚಿವುಟಿ, ಅರ್ಧ ಅಂಗುಲದ ಚೂರನ್ನು ಅಂಗೈ ಮೇಲಿಟ್ಟರು. “ಇಷ್ಟೇ ಸಾಕು ಸಾರ್. ಮಣ್ಣಿಗೆ ಬಿತ್ತು ಅಂದ್ರೆ ಗಿಡ.” ಲಾನ್ ಮಾಡುವವರಿಗೆ ಇದು ವರ. ಹೊಲದವರಿಗೆ ಇದೇ ಕಾಟ: ಗರಿಕೆ ಹೊಕ್ಕ ಹೊಲವನ್ನು ಬೇಸಿಗೆಯಲ್ಲಿ ಆಳವಾಗಿ ಉತ್ತು, ಬಳ್ಳಿಗಳನ್ನು ಬಿಸಿಲಿಗೆ ಒಣಗಿಸಿಯೇ ಸೋಲಿಸಬೇಕು.

ದುಡ್ಡು ಉಳಿಸಬೇಕೆಂದರೆ ಇಡೀ ಹಾಸು ಕೊಳ್ಳಬೇಕಿಲ್ಲ. ತುಂಡುಗಳನ್ನು ಬಿಡಿಸಿ, ಮೂರು-ನಾಲ್ಕು ಅಂಗುಲ ಅಂತರದಲ್ಲಿ ನಾಟಿ ಹಾಕಿದರೆ ಎರಡು-ಮೂರು ತಿಂಗಳಲ್ಲಿ ನೆಲ ಮುಚ್ಚುತ್ತದೆ. ಗೃಹಪ್ರವೇಶಕ್ಕೆ ವಾರವಿದೆ ಎನ್ನುವವರಿಗೆ ಮಾತ್ರ ರೆಡಿ ಹಾಸು. ಯಾವುದೇ ಆಗಲಿ, ಅರ್ಧ ಅಡಿ ಅಗೆದು ಸಿಮೆಂಟ್ ಗಟ್ಟಿ, ಜಲ್ಲಿ, ಟೈಲ್ಸ್ ಚೂರು ಹೊರಗೆ ಹಾಕದೆ ಮೇಲೆ ಹೊದಿಸಿದರೆ ಒಂದು ಬೇಸಿಗೆ ದಾಟುವುದಿಲ್ಲ.

ಅದೇ ಸಾಲಿನ ಇನ್ನೊಂದು ಅಂಗಡಿಯಲ್ಲಿ ಬೀಜದ ಪೊಟ್ಟಣಗಳು. ದಂಟಿನ ಬೀಜವನ್ನು ಅಂಗೈಗೆ ಸುರಿದುಕೊಂಡರೆ ಸಾಸಿವೆಗಿಂತ ಸಣ್ಣ, ಕರಿ ಮಿರಿ ಮಿರಿ ಕಾಳು. ಉಸಿರು ಬಿಟ್ಟರೆ ಹಾರುತ್ತದೆ. ಹೊಲದ ಲೆಕ್ಕದಲ್ಲಿ ಹೆಕ್ಟೇರಿಗೆ 2 ಕಿಲೋ ಬೀಜ ಎಂದರೆ ಚದರ ಮೀಟರಿಗೆ ಬೇಕಾದದ್ದು ಗ್ರಾಮಿನ ಐದನೇ ಒಂದು ಭಾಗ. ಕೈ ಜಾರಿ ಹೆಚ್ಚು ಬೀಳದಿರಲೆಂದು ಒಣ ಮರಳಿನಲ್ಲಿ ಬೆರೆಸಿ ಚೆಲ್ಲುತ್ತಾರೆ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಮತ್ತೆ ಮತ್ತೆ ಕೊಯ್ಯುವುದಕ್ಕೆಂದೇ ತಳಿಗಳನ್ನು ಕೊಟ್ಟಿದೆ: ತಿಳಿಹಸಿರು ಎಲೆಯ ಅರ್ಕ ಸುಗುಣ, ನೇರಳೆ ಎಲೆಯ ಅರ್ಕ ಅರುಣಿಮ. ಒಂದು ಚದರ ಅಡಿ ಹುಲ್ಲಿನ ಹಾಸು ಎಲ್ಲಿ, ಒಂದು ಚಿಟಿಕೆ ಬೀಜ ಎಲ್ಲಿ! ಆರಂಭದ ಖರ್ಚಿನಲ್ಲಿ ಹೋಲಿಕೆಯೇ ಇಲ್ಲ.

ಕತ್ತರಿಗೆ ಎರಡು ಉತ್ತರ

ಮೇಲ್ನೋಟಕ್ಕೆ ಸಂಬಂಧವೇ ಇಲ್ಲದ ಈ ಎರಡು ಗಿಡಗಳು ಒಳಗೆ ಒಂದು ವಿಷಯದಲ್ಲಿ ಜೊತೆಗಾರರು. ಗರಿಕೆ, ಝೊಯ್ಸಿಯಾ, ದಂಟು ಮೂರೂ ಸಸ್ಯವಿಜ್ಞಾನಿಗಳು ಸಿ-4 ಎನ್ನುವ ದಾರಿಯಲ್ಲಿ ಆಹಾರ ತಯಾರಿಸುತ್ತವೆ. ರಾಗಿ, ಜೋಳ, ಕಬ್ಬು ಕೂಡ ಇದೇ ಬಳಗ. ಗಾಳಿಯ ಇಂಗಾಲವನ್ನು ಎಲೆಯೊಳಗೇ ಒಟ್ಟುಗೂಡಿಸಿಕೊಳ್ಳುವ ಈ ವ್ಯವಸ್ಥೆಯಿಂದ ಸುಡುಬಿಸಿಲಲ್ಲೂ ಅವುಗಳ ಕೆಲಸ ನಿಲ್ಲುವುದಿಲ್ಲ, ಕುಡಿದ ನೀರಿಗೆ ಹೆಚ್ಚು ಬೆಳವಣಿಗೆ ತೋರಿಸುತ್ತವೆ. ಪಾಲಕ್, ಹುರುಳಿಕಾಯಿ, ಟೊಮೆಟೊ, ಬದನೆಗೆ ಈ ಅನುಕೂಲವಿಲ್ಲ. ಆದ್ದರಿಂದ ಹುಲ್ಲಿಗೆ ಎದುರಾಗಿ ನಿಲ್ಲಿಸಬಹುದಾದ ತರಕಾರಿ ಯಾವುದೆಂದರೆ ದಂಟೇ ಸರಿ. ಬಿಸಿಲು ಇದ್ದಲ್ಲಿ ಎರಡೂ ಗೆಲ್ಲುತ್ತವೆ, ನೆರಳಲ್ಲಿ ಎರಡೂ ಸೊರಗುತ್ತವೆ.

ದಾರಿ ಬೇರೆಯಾಗುವುದು ಕತ್ತರಿ ಬಿದ್ದಾಗ. ಹುಲ್ಲಿನ ಬೆಳೆಯುವ ಭಾಗ ಇರುವುದು ಬುಡದಲ್ಲಿ, ನೆಲಕ್ಕೆ ಅಂಟಿಕೊಂಡು. ಮೇಲಿನ ಗರಿ ಕತ್ತರಿಸಿದರೂ, ತುಳಿದರೂ, ದನ ಮೇಯ್ದರೂ ಕೆಳಗಿನಿಂದ ಗರಿ ಮೇಲಕ್ಕೆ ಬರುತ್ತದೆ. ದಂಟಿನದು ನೆತ್ತಿಯಲ್ಲಿ. ಕಾಲಡಿಗೆ ಸಿಕ್ಕರೆ ಮುಗಿಯಿತು. ಆದರೆ ಬುಡದಿಂದ ಎರಡು-ಮೂರು ಎಲೆ ಬಿಟ್ಟು ಮೇಲೆ ಕೊಯ್ದರೆ, ಪ್ರತಿ ಎಲೆಯ ಕಂಕುಳಿನಿಂದ ಒಂದೊಂದು ಕವಲು ಹೊರಡುತ್ತದೆ. ಮಾರುಕಟ್ಟೆಯ ದಂಟು ಬೇರು ಸಮೇತ ಕಟ್ಟಾಗಿ ಬರುವುದನ್ನೇ ನೋಡಿ ಅಭ್ಯಾಸವಾದ ನಾವು ಮನೆಯಲ್ಲೂ ಹಾಗೇ ಕಿತ್ತುಬಿಡುತ್ತೇವೆ; ಕೊಯ್ದು ಬಿಟ್ಟರೆ ಅದೇ ಗಿಡ ಹತ್ತು-ಹನ್ನೆರಡು ದಿನಕ್ಕೆ ಮತ್ತೊಮ್ಮೆ ಅಡುಗೆಮನೆಗೆ ಬರುತ್ತದೆ. ಒಂದು ಕಾಲಿಗಾಗಿ ಹುಟ್ಟಿದ್ದು, ಇನ್ನೊಂದು ಕೈಗಾಗಿ.

ಜಯನಗರದ ಮನೆ

ಮಧ್ಯಾಹ್ನದ ಹೊತ್ತಿಗೆ ನಿವೃತ್ತ ಶಿಕ್ಷಕಿಯೊಬ್ಬರ ಮನೆ ತಲುಪಿದೆ. ಹಳೆಯ ಕಾಲದ ನಲವತ್ತು-ಅರವತ್ತರ ಸೈಟು. ಗೇಟು ತೆಗೆದರೆ ಎಡಕ್ಕೆ ಹತ್ತಡಿ ಉದ್ದ ಹತ್ತಡಿ ಅಗಲದ ಹುಲ್ಲು, ಪೂರ್ವದ ಕಾಂಪೌಂಡಿಗೆ ಒತ್ತಿ ಮೂರಡಿ ಅಗಲ ಇಪ್ಪತ್ತಡಿ ಉದ್ದದ ಸೊಪ್ಪಿನ ಓಣಿ.

“ಚಪ್ಪಲಿ ಅಲ್ಲೇ ಬಿಡಿ, ಹುಲ್ಲಿನ ಮೇಲೇ ಬನ್ನಿ. ಅದಕ್ಕೇ ಇರೋದು ಅದು” ಎಂದರು ಅವರು. ಮೊಮ್ಮಕ್ಕಳು ಭಾನುವಾರ ಬಂದರೆ ಅಲ್ಲೇ ಆಟ, ಸಂಜೆ ಅಕ್ಕಪಕ್ಕದವರು ಬಂದರೆ ಕುರ್ಚಿ ಅಲ್ಲಿಗೇ. ಗೇಟಿನ ಕಡೆಯ ಭಾಗ ದಟ್ಟ, ಗೋಡೆಯ ಕಡೆ ತೇಪೆ ತೇಪೆ. ಪಕ್ಕದ ಸೈಟಿನಲ್ಲಿ ನಾಲ್ಕು ಅಂತಸ್ತು ಎದ್ದ ಮೇಲೆ ಅಲ್ಲಿಗೆ ಹತ್ತರಿಂದ ಎರಡು ಗಂಟೆವರೆಗಷ್ಟೇ ಬಿಸಿಲು. ಮೊದಲಿದ್ದ ಗರಿಕೆ ಎರಡು ಮಳೆಗಾಲದಲ್ಲಿ ಮಾಯವಾಗಿ, ಅಲ್ಲಿಗೆ ಝೊಯ್ಸಿಯಾ ಬಂತು. ಅದೂ ಪೂರ್ತಿ ಒಪ್ಪಿಲ್ಲ. ಮಳೆಗಾಲದಲ್ಲಿ ವಾರ-ಹತ್ತು ದಿನಕ್ಕೊಮ್ಮೆ ಕತ್ತರಿಸಬೇಕು, ಒಂದೇ ಸಲಕ್ಕೆ ಗರಿಯ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ತೆಗೆಯಬಾರದು. ಊರಿಗೆ ಹೋಗಿ ಮೂರು ವಾರ ಬಿಟ್ಟು ಬಂದು ಒಮ್ಮೆಲೇ ಬೋಳಿಸಿದರೆ ಹಳದಿ ಕಾಂಡ ಮಾತ್ರ ಉಳಿಯುತ್ತದೆ.

ಸೊಪ್ಪಿನ ಓಣಿಯನ್ನು ಅವರು ಮೂರು ಪಾತಿ ಮಾಡಿಕೊಂಡಿದ್ದಾರೆ. ಮೊದಲನೆಯದು ಕೊಯ್ಲಿಗೆ ಬಂದಿದೆ, ಎರಡನೆಯದು ಗೇಣುದ್ದ, ಮೂರನೆಯದರಲ್ಲಿ ಎರಡೆಲೆಯ ಸಸಿಗಳು ಕೆಂಪಗೆ ನೆಲ ಮುಚ್ಚಿವೆ. ಹತ್ತು ದಿನಕ್ಕೊಂದು ಪಾತಿ ಬಿತ್ತನೆ. ಬಿತ್ತಿದ ನಾಲ್ಕೈದು ದಿನಕ್ಕೆ ಮೊಳಕೆ, 25-30 ದಿನಕ್ಕೆ ಮೊದಲ ಕೊಯ್ಲು. ದಟ್ಟವಾದಲ್ಲಿ ಸಸಿ ತೆಳುಗೊಳಿಸಿದ್ದೇ ಮೊದಲ ಪಲ್ಯ.

ತಾಪತ್ರಯ ಇಲ್ಲದಿಲ್ಲ. ಬಿತ್ತಿದ ದಿನವೇ ಇರುವೆ ಸಾಲು ಹಿಡಿದು ಬೀಜ ಹೊರುತ್ತದೆ. ಪಾತಿಯ ಅಂಚಿಗೆ ಬೂದಿ ಎರಚುತ್ತಾರೆ. ಎಲೆಯ ಅಡಿಯಲ್ಲಿ ಬಿಳಿ ಬೊಕ್ಕೆಯಂತೆ ಏಳುವ ಬಿಳಿ ತುಕ್ಕು ಮೋಡದ ದಿನಗಳಲ್ಲಿ ಜಾಸ್ತಿ. ಅದಕ್ಕೇ ಸಂಜೆ ಎಲೆ ನೆನೆಯುವಂತೆ ನೀರು ಹಾಕುವುದಿಲ್ಲ, ಬೆಳಗ್ಗೆ ಬುಡಕ್ಕೆ ಹಾಕುತ್ತಾರೆ. ಎಲೆಗಳನ್ನು ಬಲೆಯಿಂದ ಹೊಲಿದು ಒಳಗೆ ಕೂತು ತಿನ್ನುವ ಹಸಿರು ಹುಳುವನ್ನು ಎಲೆ ಸಮೇತ ಚಿವುಟಿ ಎಸೆಯುವುದು. ಮಳೆಗಾಲದ ದೊಡ್ಡ ಕಾಟ ಆಫ್ರಿಕದ ದೈತ್ಯ ಬಸವನಹುಳು: ಹಗಲು ಹುಲ್ಲಿನ ಅಂಚಿನ ತಂಪಿನಲ್ಲಿ ಅಡಗಿ, ರಾತ್ರಿ ಸೊಪ್ಪಿನ ಪಾತಿಗೆ ಬರುತ್ತದೆ. ಟಾರ್ಚ್ ಹಿಡಿದು ಆರಿಸಿ ಉಪ್ಪುನೀರಿನ ಬಕೆಟ್ಟಿಗೆ ಹಾಕುವುದೊಂದೇ ದಾರಿ. ಚಳಿಗಾಲದಲ್ಲಿ ದಿನ ಕಿರಿದಾದಂತೆ ದಂಟು ಬೇಗ ತೆನೆ ಬಿಡುವುದರಿಂದ ಆಗ ಆ ಪಾತಿಗಳಲ್ಲಿ ಮೆಂತ್ಯ, ಕೊತ್ತಂಬರಿ.

ಹುಲ್ಲಿಗೂ ಸೊಪ್ಪಿಗೂ ನಡುವೆ ಅರ್ಧ ಅಡಿ ಆಳಕ್ಕೆ ಕಡಪ ಕಲ್ಲು ನಿಲ್ಲಿಸಿ ಹೂತಿದ್ದಾರೆ, ಬಳ್ಳಿ ನುಸುಳಬಾರದೆಂದು. ಕತ್ತರಿಸಿದ ಹುಲ್ಲನ್ನು ಎಸೆಯುವುದಿಲ್ಲ. ಎರಡು ದಿನ ತಾರಸಿಯ ಬಿಸಿಲಿಗೆ ಹರಡಿ, ಪೂರಾ ಒಣಗಿದ ಮೇಲೆ ಸೊಪ್ಪಿನ ಸಾಲುಗಳ ನಡುವೆ ತೆಳುವಾಗಿ ಮುಚ್ಚಿಗೆ ಹಾಕುತ್ತಾರೆ. ಹಸಿಯಾಗಿ ಹಾಕಿದರೆ ಗೆಣ್ಣು ಚಿಗುರುತ್ತದೆ, ಇಲ್ಲವೇ ಕೊಳೆತು ನಾರುತ್ತದೆ.

ನೀರಿನ ಲೆಕ್ಕ

ಲಾನ್ ನೀರು ಕುಡಿಯುತ್ತದೆ, ತರಕಾರಿಗೆ ಅಷ್ಟು ಬೇಡ ಎಂಬ ಮಾತು ಎಲ್ಲ ಕಡೆ ಕೇಳುತ್ತದೆ. ಅದು ಅರ್ಧ ಸತ್ಯ. ಬೆಂಗಳೂರಿನ ಬೇಸಿಗೆಯಲ್ಲಿ ಹಸಿರು ಹೊದ್ದ ನೆಲದಿಂದ ದಿನಕ್ಕೆ ಸುಮಾರು 5 ಮಿಲಿಮೀಟರ್ ನೀರು ಆವಿಯಾಗುತ್ತದೆ. ಒಂದು ಚದರ ಮೀಟರಿಗೆ ಒಂದು ಮಿಲಿಮೀಟರ್ ಎಂದರೆ ಒಂದು ಲೀಟರ್. ಬಿಸಿನಾಡಿನ ಹುಲ್ಲುಗಳು ಇದರಲ್ಲಿ ಶೇ 85ರಷ್ಟು ಬಳಸುತ್ತವೆ ಎಂದು ಹಿಡಿದರೆ, 100 ಚದರ ಅಡಿಯ ಹುಲ್ಲಿಗೆ ದಿನಕ್ಕೆ 40 ಲೀಟರ್. ಪೂರ್ತಿ ಬೆಳೆದ ದಂಟು ಅಷ್ಟೇ ಜಾಗದಲ್ಲಿ ಕುಡಿಯುವುದು ಇದಕ್ಕಿಂತ ತುಸು ಹೆಚ್ಚೇ. ಚದರ ಅಡಿ ಲೆಕ್ಕದಲ್ಲಿ ಇಬ್ಬರೂ ಸಮ.

ವ್ಯತ್ಯಾಸ ಇರುವುದು ಕ್ಯಾಲೆಂಡರಿನಲ್ಲಿ. ಒಂದು ಬೆಳೆ ಸೊಪ್ಪು ಮುಗಿದ ಮೇಲೆ ಮುಂದಿನದನ್ನು ಬಿತ್ತದೆ ಬಿಡಬಹುದು. ನೆಲಕ್ಕೆ ತರಗೆಲೆ ಮುಚ್ಚಿ, ಮಳೆ ಬರುವವರೆಗೆ ಕಾಯಬಹುದು. ಹುಲ್ಲಿಗೆ ಅಂಥ ರಜೆಯಿಲ್ಲ, ಬೇಸಿಗೆಯ ತಿಂಗಳಿಗೆ 1,200 ಲೀಟರ್ ಕೊಡಬೇಕು. 6,000 ಲೀಟರಿನ ಟ್ಯಾಂಕರಿನಲ್ಲಿ ಐದನೇ ಒಂದು ಭಾಗ ಅದು. 2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿ ಕುಡಿಯುವ ನೀರನ್ನು ಕೈತೋಟಕ್ಕೆ, ವಾಹನ ತೊಳೆಯುವುದಕ್ಕೆ ಬಳಸಿದರೆ 5,000 ರೂಪಾಯಿ ದಂಡ ಎಂದಾಗ ಲಾನ್ ಇದ್ದವರೆಲ್ಲ ಪರದಾಡಿದರು. ಈ ಮನೆಯಲ್ಲಿ ಆಗ ಸೊಪ್ಪಿನ ಪಾತಿಗಳನ್ನು ಖಾಲಿ ಬಿಟ್ಟು, ಬಟ್ಟೆ ಜಾಲಿಸಿದ ಕೊನೆಯ ನೀರನ್ನಷ್ಟೇ ಹುಲ್ಲಿಗೆ ಹಾಕಿದರಂತೆ. ಹುಲ್ಲು ಒಣಹುಲ್ಲಿನ ಬಣ್ಣಕ್ಕೆ ತಿರುಗಿತು. ಆದರೆ ಸತ್ತಿರಲಿಲ್ಲ. ಗರಿಕೆ, ಝೊಯ್ಸಿಯಾ ಎರಡಕ್ಕೂ ಬರದಲ್ಲಿ ಮೇಲಿನ ಎಲೆ ಬಿಟ್ಟುಕೊಟ್ಟು ಬಳ್ಳಿಯಲ್ಲಿ ಜೀವ ಹಿಡಿದುಕೊಳ್ಳುವ ಗುಣವಿದೆ. ಮಳೆ ಬಿದ್ದ ಮೇಲೆ ಮತ್ತೆ ಹಸಿರಾಯಿತು. ಬೇಸಿಗೆಯಲ್ಲಿ ಹುಲ್ಲು ಕಂದಾದರೆ ಕಂದಾಗಲಿ ಎನ್ನುವ ಮನಸ್ಸಿದ್ದವರಿಗೆ ನೀರಿನ ಲೆಕ್ಕವೂ ಅರ್ಧಕ್ಕೆ ಇಳಿಯುತ್ತದೆ. ದಂಟಿಗೆ ಈ ಉಪಾಯ ಗೊತ್ತಿಲ್ಲ. ಎರಡು ದಿನ ಬಾಡಿದರೆ ನಾರಾಗುತ್ತದೆ.

ಕೊಡುವ ಲೆಕ್ಕಕ್ಕೆ ಬಂದರೆ, ಚೆನ್ನಾಗಿ ಗೊಬ್ಬರ ಉಂಡ ಪಾತಿಯಿಂದ ಚದರ ಮೀಟರಿಗೆ ಒಂದು ಕಿಲೋ ಸೊಪ್ಪು ನಿರೀಕ್ಷಿಸಬಹುದು. ಈ ಓಣಿಯ ಒಂದು ಪಾತಿ ಸುಮಾರು ಎರಡು ಚದರ ಮೀಟರ್. ಅಂದರೆ ಹತ್ತು ದಿನಕ್ಕೆ ಎರಡು ಕಿಲೋ. ನಾಲ್ಕು ಜನರ ಮನೆಗೆ ಒಂದು ದಿನ ಬಸ್ಸಾರು, ಒಂದು ದಿನ ಹುಳಿ, ಎರಡು ದಿನ ಪಲ್ಯ. 100 ಗ್ರಾಂ ದಂಟಿನ ಸೊಪ್ಪಿನಲ್ಲಿ 300 ಮಿಲಿಗ್ರಾಮಿಗಿಂತ ಹೆಚ್ಚು ಕ್ಯಾಲ್ಸಿಯಂ ಇದೆ. ಆದರೆ ಅದರಲ್ಲಿರುವ ಆಕ್ಸಲೇಟ್ ಒಂದಿಷ್ಟನ್ನು ಮೈಗೆ ಹತ್ತದಂತೆ ಹಿಡಿದಿಡುತ್ತದೆ. ಬೇಯಿಸಿದ ನೀರನ್ನು ಬಸಿದರೆ ಆಕ್ಸಲೇಟ್ ಕಡಿಮೆಯಾಗುತ್ತದೆ, ಬಸ್ಸಾರಿನಲ್ಲಿ ಆ ನೀರೇ ಮತ್ತೆ ತಟ್ಟೆಗೆ ಬರುತ್ತದೆ ಎಂಬುದನ್ನು ಮೂತ್ರಪಿಂಡದಲ್ಲಿ ಕಲ್ಲಾದವರು ನೆನಪಿಡಬೇಕು. ಸೊಪ್ಪು ಕಡುಹಸಿರಾಗಲಿ ಎಂದು ಯೂರಿಯಾ ಸುರಿಯುವುದೂ ಬೇಡ. ಎಲೆಯಲ್ಲಿ ನೈಟ್ರೇಟ್ ತುಂಬಿಕೊಳ್ಳುತ್ತದೆ. ಚದರ ಮೀಟರಿಗೆ ಎರಡು ಕಿಲೋ ಕೊಟ್ಟಿಗೆ ಗೊಬ್ಬರ ಸಾಕು.

ಹಾಗಾದರೆ ಯಾವುದು?

ಮೂರೂ ಜಾಗ ನೋಡಿದ ಮೇಲೆ ನನ್ನ ತೀರ್ಮಾನ ಇಷ್ಟು. ಮಕ್ಕಳು ಆಡುವ, ವಯಸ್ಸಾದವರು ಬರಿಗಾಲಲ್ಲಿ ನಡೆಯುವ, ಸಂಜೆ ಕುರ್ಚಿ ಹಾಕುವ ಮನೆಗೆ ಅಂಗಳ ಬೇಕು. ಅಲ್ಲಿ ಹುಲ್ಲು ಹಾಕಿ, ಆರು ತಾಸು ಬಿಸಿಲಿದ್ದರೆ. ಯಾರೂ ಕಾಲಿಡದೆ, ಕಿಟಕಿಯಿಂದ ನೋಡುವುದಕ್ಕಷ್ಟೇ ಇರುವ ಹುಲ್ಲು ಅಂಗಳವೂ ಅಲ್ಲ, ಹಿತ್ತಲೂ ಅಲ್ಲ. ಆ ನೀರು, ಆ ಕೂಲಿ ದಂಡ. ಅಂಥ ಜಾಗವನ್ನು ಕಣ್ಣುಮುಚ್ಚಿ ಸೊಪ್ಪಿಗೆ ಕೊಡಬಹುದು. ಆದರೆ ದಿನಾ ಬೆಳಗ್ಗೆ ಹತ್ತು ನಿಮಿಷ ಬಗ್ಗಿ ನೋಡುವವರು ಮನೆಯಲ್ಲಿ ಒಬ್ಬರಾದರೂ ಇರಬೇಕು. ವಾರವಿಡೀ ಆಫೀಸು, ಶನಿವಾರ ಮಾತ್ರ ತೋಟ ಎನ್ನುವವರಿಗೆ ಹುಲ್ಲೇ ಮೇಲು. ಅದು ಒಂದು ವಾರದ ಮರೆವನ್ನು ಕ್ಷಮಿಸುತ್ತದೆ, ದಂಟು ಕ್ಷಮಿಸುವುದಿಲ್ಲ.

ಇನ್ನೂ ಅನುಮಾನವಿದ್ದರೆ ಮೊದಲು ಸೊಪ್ಪು ಬಿತ್ತಿ. ಒಂದು ಪೊಟ್ಟಣ ಬೀಜ, ಒಂದು ಚೀಲ ಗೊಬ್ಬರ, ಒಂದು ತಿಂಗಳು. ಆ ತಿಂಗಳಲ್ಲಿ ನಿಮ್ಮ ಜಾಗಕ್ಕೆ ಬಿಸಿಲು ಎಷ್ಟು ಬರುತ್ತದೆ, ನೀರು ಎಲ್ಲಿ ನಿಲ್ಲುತ್ತದೆ, ಮಣ್ಣಿನಡಿ ಎಷ್ಟು ಜಲ್ಲಿ ಇದೆ, ನಿಮಗೆ ತಾಳ್ಮೆ ಎಷ್ಟಿದೆ ಎಲ್ಲವೂ ಗೊತ್ತಾಗುತ್ತದೆ. ಸೊಪ್ಪು ಕಿತ್ತು ಹುಲ್ಲು ಹಾಕುವುದು ಒಂದು ಬೆಳಗಿನ ಕೆಲಸ. ಹುಲ್ಲು, ಅದರಲ್ಲೂ ಗರಿಕೆ, ಕಿತ್ತು ಸೊಪ್ಪು ಹಾಕಲು ಹೊರಟವರು ವರ್ಷಗಟ್ಟಲೆ ಗೆಣ್ಣು ಆರಿಸುತ್ತಿರಬೇಕಾಗುತ್ತದೆ.